ಪ್ರತಿಯೊಂದಕ್ಕೂ ಬಹುಮಾನ ಕೇಳುವ ಮಗಳು

ಪ್ರಶ್ನೆ: ನಾವು ಬದಿಯಡ್ಕ ಸಮೀಪದವರು. ಎರಡನೇ ತರಗತಿಯ ಮಗಳಿಗೆ ಮಲಯಾಳ ಅಕ್ಷರ ಬರೆಯುವುದೆಂದರೆ ಬೇಸರ. ಪುಟಕ್ಕೊಂದು ಚಾಕಲೇಟಿನಂತೆ ಕೊಡತೊಡಗಿದ ಮೇಲೆ ಬರವಣಿಗೆ ಸುಧಾರಿಸಿತು. ಆದರೆ ಈಗ, ಹಿಂದೆ ತಾನಾಗಿ ಓದುತ್ತಿದ್ದ ಕನ್ನಡ ಕಥೆಪುಸ್ತಕಕ್ಕೂ, ಅಜ್ಜನೊಡನೆ ತೋಟದಲ್ಲಿ ಅಡಿಕೆ ಹೆಕ್ಕುವುದಕ್ಕೂ "ಎಂತ ಕೊಡ್ತೀರಿ?" ಎನ್ನುತ್ತಾಳೆ. ಬಹುಮಾನವನ್ನೇ ನಿಲ್ಲಿಸಬೇಕೇ?
– ಓರ್ವ ತಾಯಿ, ಕಾಸರಗೋಡು ಜಿಲ್ಲೆ

ಉತ್ತರ: ಪೂರ್ತಿಯಾಗಿ ನಿಲ್ಲಿಸಬೇಕಾಗಿಲ್ಲ, ಆದರೆ ಯಾವುದಕ್ಕೆ ಕೊಡಬಾರದು ಎಂಬುದನ್ನು ಮನೆಯವರೆಲ್ಲ ಸೇರಿ ಇಂದೇ ನಿರ್ಧರಿಸಿಕೊಳ್ಳಿ. ಮಗು ತಾನಾಗಿ ಇಷ್ಟಪಟ್ಟು ಮಾಡುವ ಕೆಲಸಕ್ಕೆ ಮೊದಲೇ ಬಹುಮಾನ ಗೊತ್ತುಮಾಡಿದರೆ ಆ ಇಷ್ಟವೇ ಕುಂದಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ನಡೆಸಿ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರ ಬಿಡಿಸುವುದೆಂದರೆ ಆಸೆಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ ಮಾತ್ರ, ಬಿಡಿಸಿದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಸಿಗುವುದೆಂದು ಮುಂಚಿತವಾಗಿ ಹೇಳಲಾಗಿತ್ತು. ಕೆಲವು ದಿನ ಕಳೆದು ಗಮನಿಸಿದಾಗ, ಬಿಡುವಿನಲ್ಲಿ ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರದರ ಸುಮಾರು ಅರ್ಧಕ್ಕೆ ಇಳಿದಿತ್ತು. ಅದೇ ಪತ್ರವನ್ನು ಮುನ್ಸೂಚನೆಯಿಲ್ಲದೆ ಪಡೆದ ಮಕ್ಕಳ ಆಸಕ್ತಿ ಕುಗ್ಗಿರಲಿಲ್ಲ. ಆದ್ದರಿಂದ ಕಥೆಪುಸ್ತಕಕ್ಕೂ ತೋಟಕ್ಕೂ ಏನನ್ನೂ ಗೊತ್ತುಮಾಡಬೇಡಿ. ಓದಿದ ಕಥೆಯನ್ನು ಅವಳ ಬಾಯಿಂದಲೇ ಕೇಳಿ, ಅಷ್ಟು ಸಾಕು.

ಮಲಯಾಳದ ಮಾತು ಬೇರೆ. ಮೊದಲಿನಿಂದಲೂ ಆಸಕ್ತಿಯಿಲ್ಲದ ವಿಷಯದಲ್ಲಿ ಕಳೆದುಕೊಳ್ಳಲು ಆಸಕ್ತಿಯೇ ಇರುವುದಿಲ್ಲವಾದ್ದರಿಂದ, ಆರಂಭದ ಅಡಚಣೆ ದಾಟಿಸಲು ಸಣ್ಣ ಬಹುಮಾನ ತಪ್ಪಲ್ಲ. ಆದರೆ ಚಾಕಲೇಟು ಬೇಡ (ಹಲ್ಲಿನ ವೈದ್ಯರ ಖರ್ಚು ನಿಮ್ಮದೇ ತಾನೇ?). ಪುಸ್ತಕದ ಮೂಲೆಯಲ್ಲಿ ಒಂದು ನಕ್ಷತ್ರ ಹಾಕಿ, ವಾರ ಪೂರ್ತಿ ಬರೆದರೆ ಶನಿವಾರ ಹತ್ತಿರದಲ್ಲಿ ನಡೆಯುವ ಯಕ್ಷಗಾನ ಆಟಕ್ಕೆ ಕರೆದೊಯ್ಯಬಹುದು. ಹೊಗಳುವಾಗ "ನೀನು ಜಾಣೆ" ಎನ್ನುವುದಕ್ಕಿಂತ "ಇವತ್ತು ‘ഴ’ ಅಕ್ಷರದ ಸುರುಳಿ ಸರಿಯಾಗಿ ಬಂತು" ಎಂದು ಮಾಡಿದ ಕೆಲಸವನ್ನೇ ಹೆಸರಿಸಿ. ಬರವಣಿಗೆ ರೂಢಿಯಾದಂತೆ ನಕ್ಷತ್ರಗಳನ್ನು ದಿನಕ್ಕೊಂದರ ಬದಲು ಎರಡು ದಿನಕ್ಕೊಂದು ಮಾಡಿ, ಕ್ರಮೇಣ ಬಿಟ್ಟುಬಿಡಿ.

ಅಂಗಡಿಯೆದುರು ಅತ್ತು ರಂಪ ಮಾಡಿದಾಗ ಬಾಯಿ ಮುಚ್ಚಿಸಲು ಏನಾದರೂ ಕೊಡಿಸುವ ಅಭ್ಯಾಸವಿದ್ದರೆ ಅದನ್ನು ತಕ್ಷಣ ಬಿಡಿ, ಅದು ಅಳುವಿಗೆ ಸಿಗುವ ಬಹುಮಾನ.

"ಎಂತ ಕೊಡ್ತೀರಿ?" ಎಂದು ಕೇಳಿದ್ದಕ್ಕೆ ಗದರಬೇಡಿ, ಆ ಲೆಕ್ಕಾಚಾರವನ್ನು ಕಲಿಸಿದವರು ದೊಡ್ಡವರೇ. "ಇದಕ್ಕೆ ಏನೂ ಇಲ್ಲ ಮಗಳೇ" ಎಂದು ಸಮಾಧಾನವಾಗಿ ಹೇಳಿ, ನಿಮ್ಮ ಪಾಡಿಗೆ ತೋಟಕ್ಕೆ ಹೊರಡಿ. ಕೆಲವು ದಿನ ಅವಳು ಬಾರದಿದ್ದರೂ ಒತ್ತಾಯ ಬೇಡ. ಈ ನಡುವೆ ಮೊಮ್ಮಗಳ ಮುಖ ಬಾಡಿತೆಂದು ಅಜ್ಜ ಗುಟ್ಟಾಗಿ ಹತ್ತರ ನೋಟು ಕೊಡದಂತೆ ಅವರಿಗೂ ಮೊದಲೇ ತಿಳಿಸಿಡಿ.