ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ಹತ್ತಿರದ ದಾರಿ ಹುಡುಕಬೇಡಿ

ಅಮ್ಮ ಬಾಣಂತನಕ್ಕೆ ಒಬ್ಬರೇ ಹೊರಟಿದ್ದಾರೆ, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ಯಾವ ದಾರಿಯಲ್ಲಿ ಕಡಿಮೆ ಗಂಟೆ ಅಂತ ಕೇಳಿದ್ದೀರಿ. ನಮ್ಮಮ್ಮ ಅಕ್ಕನ ಮನೆಗೆ ಹೊರಟಾಗ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ. ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಸುಮಾರು 14,000 ಕಿಲೋಮೀಟರ್. ದೆಹಲಿ ಮೂಲಕ ಹೋದರೂ ಹೆಚ್ಚುಕಮ್ಮಿ ಅಷ್ಟೇ. ಫ್ರಾಂಕ್‌ಫರ್ಟ್ ಅಥವಾ ಸಿಂಗಾಪುರ ಅಂದರೆ ಇನ್ನೂ ಎರಡು ಸಾವಿರಕ್ಕಿಂತ ಜಾಸ್ತಿ ಸುತ್ತು. ಹಾಗಾಗಿ ನಾನು ದೆಹಲಿ ಹಿಡಿದೆ.

ಹಿಡಿದದ್ದು ಸರಿ, ಟಿಕೆಟ್ ತೆಗೆದದ್ದು ತಪ್ಪು. ದುಡ್ಡು ಉಳಿಯುತ್ತದೆ ಅಂತ ಬೆಂಗಳೂರು–ದೆಹಲಿ ಬೇರೆ, ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ಬೇರೆ ಟಿಕೆಟ್ ಮಾಡಿದೆ. ನಡುವೆ ಮೂರು ಗಂಟೆ ಇದೆಯಲ್ಲ, ಸಾಕು ಅಂದುಕೊಂಡೆ. ಜನವರಿ ತಿಂಗಳು, ದೆಹಲಿಯಲ್ಲಿ ಮಂಜು, ಮೊದಲ ವಿಮಾನ ತಡವಾಯಿತು. ಎರಡೂ ಒಂದೇ ಟಿಕೆಟ್ ಆಗಿದ್ದರೆ ಮುಂದಿನ ವಿಮಾನ ತಪ್ಪಿದರೂ ಬೇರೆ ವಿಮಾನ ಹತ್ತಿಸುವುದು ಅವರ ಜವಾಬ್ದಾರಿ. ಬೇರೆ ಬೇರೆ ಆದರೆ ಎರಡನೇ ಕಂಪನಿಗೆ ನಿಮ್ಮ ಅಮ್ಮ ಬರಲೇ ಇಲ್ಲ ಅಂತ ಅರ್ಥ, ಅಷ್ಟೇ. ಸಾಮಾನು ತಾನಾಗಿ ಮುಂದೆ ಹೋಗುವುದಿಲ್ಲ, ಬೆಲ್ಟ್ ಹತ್ತಿರ ಕಾದು ಎತ್ತಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಅಮ್ಮ ಇಳಿದದ್ದು ಟರ್ಮಿನಲ್ 1, ಮುಂದಿನ ವಿಮಾನ ಇದ್ದದ್ದು ಟರ್ಮಿನಲ್ 3, ನಡುವೆ ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ಹೋಗಬೇಕು. ಅವರು ತಲುಪುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ಅಂತರರಾಷ್ಟ್ರೀಯ ವಿಮಾನಕ್ಕೆ ಹೊರಡುವ ಒಂದು ಗಂಟೆ ಅಥವಾ ಅದಕ್ಕೂ ಮೊದಲೇ ಮುಚ್ಚುತ್ತಾರೆ. ಇದರ ಮೇಲೆ ಇನ್ನೊಂದು, ಇದನ್ನು ದಯವಿಟ್ಟು ನೆನಪಿಡಿ: ಹೋಗುವ ವಿಮಾನ ಹತ್ತದಿದ್ದರೆ ಅದೇ ಟಿಕೆಟ್‌ನಲ್ಲಿರುವ ವಾಪಸ್ ಪ್ರಯಾಣವೂ ಸಾಮಾನ್ಯವಾಗಿ ರದ್ದಾಗುತ್ತದೆ. ನಮ್ಮದೂ ರದ್ದಾಯಿತು. ಹೊಸ ಟಿಕೆಟ್‌ಗೆ ಕೊಟ್ಟ ದುಡ್ಡಿಗಿಂತ, ಹಿಂದಿ ಸರಿಯಾಗಿ ಬಾರದ ಅಮ್ಮ ಆ ರಾತ್ರಿ ಎರಡು ಸೂಟ್‌ಕೇಸ್ ಇಟ್ಟುಕೊಂಡು ಒಬ್ಬರೇ ಕೂತಿದ್ದರಲ್ಲ, ಅದು ನನಗೆ ಇವತ್ತಿಗೂ ನೋವು.

ಆದ್ದರಿಂದ ಕಿಲೋಮೀಟರ್ ಲೆಕ್ಕ ಬಿಡಿ. ಗಂಟೆಯ ಲೆಕ್ಕವೂ ಮೋಸ ಮಾಡುತ್ತದೆ. ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಸಮಯ, ಸುಮ್ನೆ ಕಳೆದು ನೋಡಿದರೆ ಉತ್ತರ ಸಿಗುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಸಿಂಗಾಪುರದಿಂದ ಬೆಳಗ್ಗೆ ಹೊರಟ ವಿಮಾನ ಅದೇ ತಾರೀಖಿನ ಬೆಳಗ್ಗೆ ಅಲ್ಲಿ ಇಳಿಯುತ್ತದೆ, ಆದರೆ ಹಾರುವುದು ಸುಮಾರು ಹದಿನೈದು ಗಂಟೆ. ವಾಪಸ್ ಬರುವಾಗ ಎದುರುಗಾಳಿ, ಇನ್ನೂ ಒಂದೆರಡು ಗಂಟೆ ಜಾಸ್ತಿ.

ಒಂದೇ ಪಿಎನ್‌ಆರ್ ಇರಲಿ, ಅಂದರೆ ಎಲ್ಲಾ ವಿಮಾನಗಳೂ ಒಂದೇ ಬುಕಿಂಗ್ ನಂಬರಿನಲ್ಲಿರಲಿ. ಬದಲಿಸುವ ಕಡೆ ಮೂರ್ನಾಲ್ಕು ಗಂಟೆ ಇರಲಿ, ಕಡಿಮೆ ಬೇಡ. ಅಮೆರಿಕದೊಳಗೆ ವಿಮಾನ ಬದಲಿಸುವ ಟಿಕೆಟ್ ಬೇಡವೇ ಬೇಡ, ಅಲ್ಲಿ ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ ಸಾಮಾನು ಎತ್ತಿ ಮತ್ತೆ ಕೊಡಬೇಕಾಗುತ್ತದೆ. ಅಮ್ಮ ಚೆನ್ನಾಗಿ ನಡೆಯುತ್ತಾರೆ ಅಂದರೂ ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿ, ಭಾಷೆ ಬಾರದ ಕಡೆ ಗೇಟ್‌ವರೆಗೆ ಜೊತೆಗೆ ಒಬ್ಬರು ಇರುತ್ತಾರೆ.