‘ಎರಡು ಮುದ್ದೆ, ಸಾರು’ ಎಂಬ ಉತ್ತರದಿಂದ ಗ್ರಾಂ ಲೆಕ್ಕ ತೆಗೆಯುವುದು ಹೇಗೆ?

ಮಂಡ್ಯ ಕಡೆಯ ಹಳ್ಳಿಯಲ್ಲಿ ಹೆಂಗಸರ ಹಿಂದಿನ ದಿನದ ಊಟ ಕೇಳಿ ಬರೆದುಕೊಂಡು, ಅದು ಸಾಕೋ ಸಾಲದೋ ಎಂದು ಪ್ರಾಜೆಕ್ಟಿನಲ್ಲಿ ಹೇಳಬೇಕು ಎಂದಿದ್ದೀರಿ.

ಅಡುಗೆ ಮಾಡಿದವರಿಂದಲೇ ಶುರುಮಾಡಿ. ಬೇಳೆ ಎಷ್ಟು ಹಾಕಿದಿರಿ ಎಂದು ಬಾಯಲ್ಲಿ ಕೇಳಿದರೆ ಸಾಲದು. ಅವರದೇ ಲೋಟ, ಪಾವಿನಲ್ಲಿ ಅಷ್ಟೇ ಬೇಳೆಯನ್ನು ಮತ್ತೆ ಅಳೆದು ಕೊಡಲು ಹೇಳಿ, ಅದನ್ನು ತಕ್ಕಡಿಗೆ ಇಡಿ. ಸಾರು ಪಾತ್ರೆಯ ಯಾವ ಮಟ್ಟಕ್ಕಿತ್ತು ಎಂದು ತೋರಿಸಿಕೊಂಡು, ಅಲ್ಲಿಯವರೆಗೆ ನೀರು ತುಂಬಿಸಿ ಅಳೆಯಿರಿ. 200 ಗ್ರಾಂ ತೊಗರಿಬೇಳೆಯಿಂದ 2400 ಮಿ.ಲೀ. ಸಾರು ಆಗಿ, ಆಕೆ 300 ಮಿ.ಲೀ. ಬಡಿಸಿಕೊಂಡಿದ್ದರೆ ಹೊಟ್ಟೆಗೆ ಹೋದದ್ದು 25 ಗ್ರಾಂ ಬೇಳೆ, ಅಂದರೆ ಸುಮಾರು 5 ಗ್ರಾಂ ಪ್ರೋಟೀನ್. ಆಕೆ ಕೊನೆಯಲ್ಲಿ ಉಂಡಿದ್ದು, ಉಳಿದಿದ್ದು ತಿಳಿ ಮಾತ್ರವಾಗಿದ್ದರೆ ಈ ಲೆಕ್ಕವೂ ಹೆಚ್ಚೇ. ಇದನ್ನು ಮನೆಯವರ ಮುಂದೆ ಕೇಳಬೇಡಿ, ನಿಜ ಹೊರಗೆ ಬರುವುದಿಲ್ಲ.

ಮುದ್ದೆಯಲ್ಲಿ ಎಡವುವವರೇ ಹೆಚ್ಚು. ಒಟ್ಟು ಹಿಟ್ಟನ್ನು ಮುದ್ದೆಗಳ ಸಂಖ್ಯೆಯಿಂದ ಭಾಗಿಸುತ್ತಾರೆ, ಆದರೆ ಗಂಡಸರಿಗೆ ಕಟ್ಟುವ ಮುದ್ದೆ ದೊಡ್ಡದು. ಒಂದು ದಿನ ಊಟದ ಹೊತ್ತಿಗೇ ಹೋಗಿ ಎಲ್ಲರ ಮುದ್ದೆಯನ್ನೂ ತೂಗಿ, ಆ ತೂಕದ ಪಾಲಿನಂತೆ ಹಿಂದಿನ ದಿನದ ಹಿಟ್ಟು ಹಂಚಿ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಇಲ್ಲಿ ತಪ್ಪಿದರೆ ಇಡೀ ಕ್ಯಾಲ್ಸಿಯಂ ಲೆಕ್ಕ ಕೆಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಪೋಷಕಾಂಶಗಳ ಕೋಷ್ಟಕ ಬಳಸುವಾಗ ಸೊಪ್ಪನ್ನು ದಂಟು, ಬೇರು ತೆಗೆದ ಮೇಲೆ ತೂಗಿ. ಅಲ್ಲಿನ ಅಂಕಿಗಳು ತಿನ್ನುವ ಭಾಗಕ್ಕೆ. ಒಗ್ಗರಣೆ ಎಣ್ಣೆ, ಕಾಫಿಯ ಸಕ್ಕರೆ, ಹೊಲದಲ್ಲಿ ತಿಂದ ಕಡಲೆಕಾಯಿ, ಎಲೆಯಡಿಕೆಯ ಸುಣ್ಣ: ಇವನ್ನು ಹೆಸರು ಹಿಡಿದು ಕೇಳದೆ ಯಾರೂ ಹೇಳುವುದಿಲ್ಲ.

ಇನ್ನು ಸಾಕೋ ಸಾಲದೋ ಎಂಬುದು. ಗುಂಪಿನ ಸರಾಸರಿಗೆ ಒಂದು ದಿನದ ಮಾಹಿತಿ ನಡೆಯುತ್ತದೆ. ಎಷ್ಟು ಜನರಿಗೆ ಕೊರತೆ ಎನ್ನಬೇಕಾದರೆ ಕೆಲವರನ್ನಾದರೂ ಇನ್ನೊಂದು ದಿನ ಕೇಳಲೇಬೇಕು, ಅದೂ ಬೆನ್ನಿಗೇ ಬರುವ ದಿನವಲ್ಲ. ಬಾಡೂಟದ ಭಾನುವಾರವೂ ಸರದಿಯಲ್ಲಿ ಬರಲಿ.

ದಯವಿಟ್ಟು ಆರ್‌ಡಿಎ (ದಿನಕ್ಕೆ ಇಷ್ಟು ಬೇಕೆಂದು ಶಿಫಾರಸು ಮಾಡಿದ ಪ್ರಮಾಣ) ಜೊತೆ ಹೋಲಿಸಬೇಡಿ. ಅದು ಹೆಚ್ಚುಕಡಿಮೆ ಎಲ್ಲರಿಗೂ ಸಾಲುವಂತೆ ಎತ್ತರದಲ್ಲಿಟ್ಟ ಅಂಕಿ; ಅದಕ್ಕಿಂತ ಕಡಿಮೆ ಉಂಡವರನ್ನೆಲ್ಲ ಕೊರತೆಯವರೆಂದರೆ ಸುಳ್ಳಾಗುತ್ತದೆ. ಗುಂಪಿಗೆ ಸರಾಸರಿ ಅಗತ್ಯದ ಅಂಕಿ, ಅಂದರೆ ಇಎಆರ್ ಬಳಸಿ. ಅದೇ ಪೋಷಣಾ ಸಂಸ್ಥೆಯ 2020ರ ಪಟ್ಟಿಯಲ್ಲಿ ವಯಸ್ಕ ಹೆಂಗಸರ ಕಬ್ಬಿಣಕ್ಕೆ ಆರ್‌ಡಿಎ 29 ಮಿ.ಗ್ರಾಂ, ಇಎಆರ್ 15, ಅಂತರ ನೋಡಿ. ಆದರೂ ಮುಟ್ಟಾಗುವವರ ಕಬ್ಬಿಣದ ಅಗತ್ಯ ಒಬ್ಬೊಬ್ಬರಿಗೆ ಬಹಳ ಬೇರೆ, ಆದ್ದರಿಂದ ಇಎಆರ್‌ಗಿಂತ ಕೆಳಗಿರುವವರನ್ನು ಎಣಿಸುವ ಕ್ರಮ ಅಲ್ಲಿ ಹೊಂದದು. ಸಂಭವನೀಯತೆಯ ಕ್ರಮ ಬೇಕು, ಅಂದರೆ ಒಬ್ಬೊಬ್ಬರು ಉಂಡದ್ದು ಅವರಿಗೆ ಸಾಲದಿರುವ ಸಂಭವ ಎಷ್ಟೆಂದು ತೆಗೆದು ಸರಾಸರಿ ಮಾಡುವುದು. ಶಕ್ತಿಗೂ (ಕ್ಯಾಲೊರಿಗೂ) ಆ ಎಣಿಕೆ ಸಲ್ಲದು, ಅದಕ್ಕೆ ತೂಕ, ಎತ್ತರವೇ ಒಳ್ಳೆಯ ಸಾಕ್ಷಿ.

ಇಷ್ಟಕ್ಕೆ ಸಮಯವಿಲ್ಲದಿದ್ದರೆ ಧಾನ್ಯ, ಬೇಳೆಕಾಳು, ಹಾಲು, ಮೊಟ್ಟೆ, ಸೊಪ್ಪು ಮೊದಲಾದ ಹತ್ತು ಆಹಾರ ಗುಂಪುಗಳ ಪಟ್ಟಿ ಹಿಡಿದು, 15ರಿಂದ 49 ವಯಸ್ಸಿನವರಲ್ಲಿ ಎಷ್ಟು ಪಾಲು ಜನ ಐದು ಗುಂಪಾದರೂ ತಿಂದಿದ್ದಾರೆ ನೋಡಿ. 15 ಗ್ರಾಂಗಿಂತ ಕಡಿಮೆ ಬಿದ್ದದ್ದು ಲೆಕ್ಕಕ್ಕಿಲ್ಲ. ಸಾರಿನ ಮೇಲೆ ಉದುರಿಸಿದ ಕೊತ್ತಂಬರಿಯನ್ನು ಸೊಪ್ಪಿನ ಗುಂಪಿಗೆ ಸೇರಿಸಬೇಡಿ.