ಉಪಗ್ರಹ ನಿಮ್ಮ ಹೊಲದಲ್ಲಿ ಬೋರ್ ಪಾಯಿಂಟ್ ತೋರಿಸುವುದಿಲ್ಲ

ಪ್ರಶ್ನೆ: ನೆಲದೊಳಗಿನ ನೀರು ನಾಸಾ ಉಪಗ್ರಹಕ್ಕೆ ಕಾಣುತ್ತದಂತೆ. ಅದರ ಚಿತ್ರ ನೋಡಿ ಬೋರ್ ಪಾಯಿಂಟ್ ಹೇಳುತ್ತೇನೆಂದು ಒಬ್ಬರು ಹದಿನೈದು ಸಾವಿರ ಕೇಳುತ್ತಿದ್ದಾರೆ. ಕೊಡಬಹುದಾ? (ಕೋಲಾರ ಕಡೆಯ ರೈತರು)

ಕೊಡಬೇಡಿ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ನಿಮ್ಮ ಮೇಲಲ್ಲ, ದುಡ್ಡು ಕೇಳುವವರ ಮೇಲೆ.

ಆ ಉಪಗ್ರಹಕ್ಕೆ ನೀರು ಕಾಣುವುದಿಲ್ಲ. ಅದು ತೂಕ ನೋಡುತ್ತದೆ: ನೆಲದೊಳಗೆ ನೀರು ಕಡಿಮೆಯಾದರೆ ಆ ಸೀಮೆಯ ತೂಕವೂ ಇಳಿಯುತ್ತದೆ. ಗ್ರೇಸ್ ಎಂಬ ಜೋಡಿ ಉಪಗ್ರಹಗಳನ್ನು ಅಮೆರಿಕ, ಜರ್ಮನಿ ಸೇರಿ 2002ರಲ್ಲಿ ಹಾರಿಸಿದವು. 2018ರಿಂದ ಅದರ ಜಾಗದಲ್ಲಿ ಹೊಸ ಜೋಡಿ ಇದೆ. ಸುಮಾರು 220 ಕಿ.ಮೀ. ದೂರದಲ್ಲಿ ಒಂದರ ಹಿಂದೆ ಒಂದು ಸುತ್ತುತ್ತವೆ. ಕೆಳಗೆ ತೂಕ ಜಾಸ್ತಿ ಇರುವ ಕಡೆ ಮುಂದಿನದನ್ನು ಭೂಮಿ ಮೊದಲು ಸೆಳೆಯುತ್ತದೆ, ನಡುವಿನ ದೂರ ಬದಲಾಗುತ್ತದೆ. ಕೂದಲೆಳೆಗಿಂತ ಸಣ್ಣ ಬದಲಾವಣೆಯೂ ಲೆಕ್ಕಕ್ಕೆ ಸಿಗುತ್ತದೆ. ರಾಜಸ್ಥಾನ, ಪಂಜಾಬ್, ಹರಿಯಾಣದಲ್ಲಿ 2002ರಿಂದ 2008ರೊಳಗೆ 109 ಘನ ಕಿ.ಮೀ. ಅಂತರ್ಜಲ ಖಾಲಿಯಾದದ್ದು ತಿಳಿದದ್ದು ಹೀಗೆ. ಆದರೆ ಅದು ನೂರಾರು ಕಿಲೋಮೀಟರ್ ಸೀಮೆಯ ಲೆಕ್ಕ. ನಿಮ್ಮ ಎರಡು ಎಕರೆ ಅದಕ್ಕೆ ಸಿಗುವುದೇ ಇಲ್ಲ.

ಹೊಲದ ಮಟ್ಟದ ಉತ್ತರ ನೆಲದಲ್ಲೇ ಸಿಗಬೇಕು. ಗುಂಡ್ಲುಪೇಟೆ ಹತ್ತಿರದ ಬೇರಂಬಾಡಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು, ಫ್ರಾನ್ಸಿನ ವಿಜ್ಞಾನಿಗಳು ಜೊತೆಯಾಗಿ ವರ್ಷಗಟ್ಟಲೆ ರೈತರ ಬೋರ್‌ಗಳ ನೀರಿನ ಮಟ್ಟ ಅಳೆದಿದ್ದಾರೆ. ಅಳೆಯುವ ಕೆಲಸ ಸರಳ. ನೀರಿನ ಮಟ್ಟ ಅಳೆಯಲೆಂದೇ ಇರುವ ಟೇಪನ್ನು ಬೋರ್ ಒಳಗೆ ಇಳಿಬಿಡಬೇಕು. ತುದಿ ನೀರಿಗೆ ತಾಗಿದ ಕೂಡಲೇ ಮೇಲೆ ‘ಬೀಪ್’ ಎನ್ನುತ್ತದೆ. ಎಷ್ಟು ಅಡಿ ಎಂದು ಬರೆದಿಡಿ, ತಿಂಗಳಿಗೊಮ್ಮೆ. ಮೋಟಾರು ಓಡುತ್ತಿರುವಾಗ ಅಳೆದರೆ ಸುಳ್ಳು ಲೆಕ್ಕ, ಕೆಲವು ಗಂಟೆ ನಿಲ್ಲಿಸಿಯೇ ಅಳೆಯಿರಿ. ಊರಲ್ಲಿ ಬಳಸದ ಬೋರ್ ಇದ್ದರೆ ಅದೇ ಒಳ್ಳೆಯದು. ಅಳೆದ ಮೇಲೆ ಮುಚ್ಚಳ ಬಿಗಿಯಾಗಿ ಹಾಕಿ. ತೆರೆದ ಬೋರ್ ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ, ಮಕ್ಕಳು ಓಡಾಡುವ ಜಾಗ ಅಲ್ವಾ?

ಮಟ್ಟ ವರ್ಷವರ್ಷ ಇಳಿಯುತ್ತಿದ್ದರೆ ಹೊಸ ಬೋರ್ ಯೋಚನೆ ಬಿಡಿ, ಬೆಳೆ ಬದಲಿಸಿ. ಕೊರೆಸಲೇಬೇಕೆಂದರೆ ಭೂವಿಜ್ಞಾನಿಯಿಂದ ಪರೀಕ್ಷೆ ಮಾಡಿಸಿ. ಅವರೂ ‘ಗ್ಯಾರಂಟಿ’ ಎಂದರೆ ವಾಪಸ್ ಕಳಿಸಿ.

ಪ್ರಶ್ನೆ: ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತರೆ ನೀರಿದೆ ಅಂತಾರಲ್ಲ?

ಇಲ್ಲ. ಕಾಯಿ ಚಟ್ನಿಗೆ ಇರಲಿ.

ಪ್ರಶ್ನೆ: ಇನ್ನೂ ಆಳಕ್ಕೆ ಕೊರೆದರೆ ಸಿಗುತ್ತದಾ?

ನಮ್ಮದು ಗಟ್ಟಿ ಬಂಡೆಯ ನೆಲ. ಆಳಕ್ಕೆ ಹೋದಂತೆ ಬಿರುಕು ಕಡಿಮೆ, ಸಾಲ ಜಾಸ್ತಿ.

ಪ್ರಶ್ನೆ: ನಮ್ಮ ನೀರಿನ ಲೆಕ್ಕ ವಿದೇಶದವರಿಗೆ ಯಾಕೆ ಕೊಡಬೇಕು?

ಗ್ರೇಸ್ ಲೆಕ್ಕವನ್ನು ಅವರು ಪುಕ್ಕಟೆ ಕೊಡುತ್ತಾರೆ, ನೀವೂ ಇಳಿಸಿಕೊಳ್ಳಬಹುದು. ಆದರೆ ಅದು ಸರಿಯಿದೆಯೋ ಇಲ್ಲವೋ ಎಂದು ತಾಳೆ ನೋಡಲು ನಮ್ಮ ಬೋರ್‌ಗಳ ಅಳತೆಯೇ ಬೇಕು.